ಪುಸ್ತಕದಲ್ಲಿ ಇಲ್ಲದ ಮಾತು

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅಜ್ಜಿಗೆ ನಿಯಮಗಳನ್ನು ಹೇಳಿದರು. "ಕಣ್ಣಿನ ಒಳಪರದೆ ಕಿತ್ತು ಬಂದಿತ್ತು, ಅಂಟಿಸಿದ್ದೀವಿ. ಅದು ಸರಿಯಾಗಿ ಕೂರಬೇಕು. ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಓದಬಾರದು, ಸೂಜಿ ಹಿಡಿಯಬಾರದು."

"ಉಸಿರಾಡಬಹುದಾ?" ಎಂದು ಕೇಳಿದರು ಅಜ್ಜಿ.

"ಅಮ್ಮ, ಸುಮ್ನಿರು," ಎಂದ ಮಗ.

"ಎರಡು ತಿಂಗಳಾದ್ಮೇಲೆ ಓದಬಹುದು ತಾನೆ?"

ಡಾಕ್ಟರು ಸ್ವಲ್ಪ ಹೊತ್ತು ಕಾಗದ ನೋಡಿದರು. "ನೋಡೋಣ" ಎಂದರು. ಇನ್ನೊಂದು ಕಣ್ಣು ಅಜ್ಜಿಗೆ ಚಿಕ್ಕಂದಿನಿಂದಲೇ ಮಬ್ಬು. ಇಷ್ಟು ವರ್ಷ ಒಂದೇ ಕಣ್ಣಲ್ಲಿ ಸೂಜಿಗೆ ದಾರ ಪೋಣಿಸಿದ್ದರು, ಒಂದೇ ಕಣ್ಣಲ್ಲಿ ಕಾದಂಬರಿ ಓದಿದ್ದರು. ಆ 'ನೋಡೋಣ' ಎಂಬ ಮಾತಿನ ಅರ್ಥ ಅವರಿಗೆ ಅಲ್ಲೇ ಆಯಿತು.

ಅವರದು ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಅಳತೆ ಕೊಡಲು ಬಂದವರಿಗೊಂದು ನಿಲುಗನ್ನಡಿ. ಅಜ್ಜಿಯ ಗಂಡನನ್ನು ಇಡೀ ಬೀದಿ ಮಾಸ್ಟರ್ ಎಂದೇ ಕರೆಯುತ್ತಿತ್ತು. ಕತ್ತರಿಸಿ ಹೊಲಿಯುವುದು ಅವರ ಕೆಲಸ. ಕಾಜ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅಜ್ಜಿಯದು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸೊಸೆ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಮೊಮ್ಮಗಳು ಆಗಷ್ಟೇ ಕಾಲೇಜಿಗೆ ಸೇರಿದ್ದಳು. ಹುಟ್ಟಿದಾಗ ಒಂದೇ ಶ್ರುತಿಯಲ್ಲಿ ಅಳುತ್ತಿದ್ದಳೆಂದು ತಾತ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದರು. ಈಗ ಅಳು ನಿಂತಿದೆ, ಶ್ರುತಿ ಇಳಿದಿಲ್ಲ.

ಆಸ್ಪತ್ರೆಯಿಂದ ಬಂದು ದಿಂಬಿಗೆ ಒರಗಿದ ಅಜ್ಜಿ ಹೇಳಿದ ಮೊದಲ ಮಾತು: "ನಮ್ಮಾಕೆ ಪುಸ್ತಕಗಳನ್ನ ಕೆಳಗಿಂದ ತಗೊಂಬನ್ನಿ. ಎಲ್ಲಾನೂ."

ನಮ್ಮಾಕೆ ಎಂದರೆ ಅಜ್ಜಿಯ ಮೆಚ್ಚಿನ ಕಾದಂಬರಿಗಾರ್ತಿ. ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಕೆಯ ಹೆಸರನ್ನು ಅಜ್ಜಿ ಬಾಯಲ್ಲಿ ಹೇಳಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತವರಿನ ಅಕ್ಕನೊಬ್ಬಳನ್ನು ನೆನೆಯುವಂತೆ 'ನಮ್ಮಾಕೆ' ಎನ್ನುತ್ತಿದ್ದರು. ಹದಿನೈದಿಪ್ಪತ್ತು ಕಾದಂಬರಿಗಳು ಅಂಗಡಿಯ ಹಲಗೆಯ ಮೇಲೆ, ನೂಲಿನ ಉಂಡೆಗಳ ಪಕ್ಕದಲ್ಲಿ ಕೂತಿದ್ದವು. ಬೆನ್ನು ಹರಿದವಕ್ಕೆ ಮಾಸ್ಟರ್ ಪ್ಯಾಂಟಿನ ಲೈನಿಂಗ್ ಬಟ್ಟೆ ಅಂಟಿಸಿದ್ದರು. ಹಾಗಾಗಿ ಅವು ಒಂದೊಂದೂ ಒಬ್ಬೊಬ್ಬ ಗಿರಾಕಿಯ ನೆನಪು ತರುತ್ತಿದ್ದವು.

"ಓದಬಾರದು ಅಂದಿದ್ದಾರೆ, ಅತ್ತೆ," ಎಂದಳು ಸೊಸೆ.

"ನಾನೆಲ್ಲಿ ಓದ್ತೀನಿ ಅಂದೆ? ನೀವು ಓದಿ, ನಾನು ಕೇಳ್ತೀನಿ. ಇನ್ನೊಂದು ಸಲ ಎಲ್ಲಾನೂ ಕೇಳಿಬಿಡಬೇಕು."

ಮೊದಲು ಕೂತವಳು ಪಿಟೀಲು. ಕಾಲೇಜಿನಿಂದ ಬಂದವಳೇ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದರಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಳು. ಬಸ್ಸು ತಪ್ಪಿಹೋಗುತ್ತದೆ ಎನ್ನುವಂಥ ಓಟ.

"ನಿಲ್ಲು. ಅಲ್ಲಿ ಹೊಳೆ ದಾಟೋದು ಬರ್ಬೇಕಲ್ಲ?"

"ಅದು ಬರೀ ನೀರಿನ ವರ್ಣನೆ ಅಜ್ಜಿ. ದಾಟಿದ್ರು ಅಂದ್ರೆ ಮುಗೀತು."

"ದಾಟೋದ್ರಲ್ಲೇ ಇರೋದು ಕಥೆ. ಓದು."

"ಇವಳಿಗೇನು ಬುದ್ಧಿ ಇಲ್ವಾ? ಗಂಡ ಹೊಡೀತಾನೆ, ಇವಳು ನಾಲ್ಕು ಪುಟ ಕಿಟಕಿ ನೋಡ್ತಾ ನಿಂತಿದ್ದಾಳೆ. ಎದ್ದು ಹೋಗೋದು ತಾನೆ?"

"ಎಲ್ಲಿಗೆ ಹೋಗ್ತಾಳೆ? ನಿಮ್ಮ ಕಾಲೇಜಿಗಾ?"

"ಸಿಟ್ಟು ಮಾಡ್ಕೋಬೇಡ ಅಜ್ಜಿ. ನಿಮ್ಮಾಕೆ ಇವತ್ತು ಬರೆದಿದ್ರೆ ನಾನೇ ಒಂದು ಕಾಗದ ಹಾಕ್ತಿದ್ದೆ."

"ಇಡು ಪುಸ್ತಕ ಕೆಳಗೆ. ಬೆಣ್ಣೆ ಕೈ ಬೇರೆ!"

ಅಲ್ಲಿಗೆ ಪಿಟೀಲಿನ ಪಾಳಿ ಮುಗಿಯಿತು. ಸೊಸೆಯ ಪಾಳಿ ಬಂತು. ಅವಳ ಓದು ಚೆನ್ನಾಗಿತ್ತು, ರೋಗಿಗಳ ಜೊತೆ ಮಾತಾಡಿ ಪಳಗಿದ ಮೆತ್ತನೆಯ ದನಿ. ಆದರೆ ಬೆಳಗಿನ ಪಾಳಿ ಮುಗಿಸಿ, ಮನೆಗೆ ಬಂದು ಅಡುಗೆ ಮಾಡಿ, ಬಟ್ಟೆ ಒಗೆದು, ಅತ್ತೆಯ ಕಣ್ಣಿಗೆ ಹನಿ ಹಾಕಿ ಕೂರುವಷ್ಟರಲ್ಲಿ ಅವಳ ರೆಪ್ಪೆಯೇ ಜಾರುತ್ತಿತ್ತು. ಎರಡನೇ ಪುಟಕ್ಕೆ ದನಿ ಇಳಿಯುತ್ತಿತ್ತು, ಮೂರನೆಯದಕ್ಕೆ ಪುಸ್ತಕ ಮಡಿಲಿಗೆ ಬೀಳುತ್ತಿತ್ತು. ಅಜ್ಜಿ ಎಬ್ಬಿಸುತ್ತಿರಲಿಲ್ಲ. ಕತ್ತಲು ಕಣ್ಣಲ್ಲೇ ಕೈ ಚಾಚಿ ಪುಸ್ತಕವನ್ನು ಹುಡುಕಿ ಮಡಚಿಡುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಎಚ್ಚರವಾದ ಸೊಸೆ, "ಅತ್ತೆ, ಆ ಟ್ರೈನಿಂಗಿಗೆ ಈ ಸಲಾನೂ ನನ್ನ ಹೆಸರು ಬಂದಿದೆ," ಎಂದಳು.

ಆಪರೇಷನ್ ಥಿಯೇಟರಿನ ತರಬೇತಿ ಅದು. ಒಂಬತ್ತು ತಿಂಗಳು ಬೇರೆ ಊರಿನಲ್ಲಿ ಹಾಸ್ಟೆಲಿನಲ್ಲಿರಬೇಕು. ಮುಗಿಸಿ ಬಂದರೆ ಹಿರಿಯ ನರ್ಸ್. ಹಿಂದಿನ ವರ್ಷವೂ ಕರೆದಿದ್ದರು, ಅವಳು ಹೋಗಿರಲಿಲ್ಲ.

"ಅವನಿಗೆ ಹೇಳಿದ್ಯಾ?"

"ಹೇಳಿದೆ. 'ಹೂಂ' ಅಂದ್ರು. ಆಮೇಲೆ ಸ್ಪ್ಯಾನರ್ ಹುಡುಕ್ತಾ ಹೋದ್ರು."

"ಹಾಗಿದ್ರೆ ಸ್ವಲ್ಪ ತಾಳು. ಬಲವಂತ ಮಾಡಿ ಹೋದ್ರೆ ಮನಸ್ಸು ಮುರಿಯುತ್ತೆ. ನಮ್ಮಾಕೆ ಬರೆದ ಆ ಶಾಲೆ ಮಾಸ್ತರನ ಮಗಳ ಕಥೆ ಹೇಳಿರ್ಲಿಲ್ವಾ ನಿನಗೆ?"

ಹೇಳಿದ್ದರು. ಎಷ್ಟೋ ಸಲ ಹೇಳಿದ್ದರು. ಆ ಒಂದು ಕಾದಂಬರಿ ಮಾತ್ರ ಮನೆಯಲ್ಲಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಜ್ಜಿ ಅದನ್ನು ಬೀದಿ ಕೊನೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು ಓದಿದ್ದರು. ಒಂದು ಪುಸ್ತಕ ಬಂದರೆ ಆಗ ಐದಾರು ಮನೆ ಸುತ್ತುತ್ತಿತ್ತು. ಮಧ್ಯಾಹ್ನ ಹೆಂಗಸರೆಲ್ಲ ಗುಂಡಿ ಹಚ್ಚುವ ನೆಪದಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಸೇರುತ್ತಿದ್ದರು. "ಆ ಹುಡುಗಿ ಗತಿ ಏನಾಯ್ತೋ," ಎಂದು ಒಬ್ಬರು, "ಅತ್ತೆ ಊಟಾನೂ ಹಾಕ್ಲಿಲ್ಲಂತೆ," ಎಂದು ಇನ್ನೊಬ್ಬರು. ಒಮ್ಮೆ ಕೋಟಿಗೆ ಅಳತೆ ಕೊಡುತ್ತಿದ್ದ ಗಿರಾಕಿಯೊಬ್ಬ ಇದನ್ನೆಲ್ಲ ಕೇಳಿಸಿಕೊಂಡು ಕಣ್ಣು ಒದ್ದೆ ಮಾಡಿಕೊಂಡು, "ಯಾವ ಮನೆ ಹುಡುಗಿ, ಅಮ್ಮಾ? ನನ್ನ ತಂಗಿ ಮಗನಿಗೆ ಹೆಣ್ಣು ಹುಡುಕ್ತಿದ್ದೀವಿ," ಎಂದು ಕೇಳಿದ್ದ. ಆ ಕಥೆಯನ್ನು ಹೇಳುವಾಗ ಅಜ್ಜಿ ಈಗಲೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಬಾಡಿಗೆ ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ರಿಪೇರಿ ಬಂದಿತ್ತು. ಮೆಟ್ಟಿಲ ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳ ಜೊತೆ ಹೋಗಿದ್ದರು, ಕೆಲವರು ಹೋಗೇಬಿಟ್ಟಿದ್ದರು.

ಮಾಸ್ತರನ ಮಗಳ ಕಥೆ ಇಷ್ಟು. ಶಾಲಾ ಮಾಸ್ತರರೊಬ್ಬರು ಕಾಯಿಲೆ ಬೀಳುತ್ತಾರೆ, ಅವರು ಕಟ್ಟಿದ ಶಾಲೆ ಮುಚ್ಚುವ ಹಾಗಾಗುತ್ತದೆ. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳಿಗೆ ಒಂದು ವರ್ಷ ಹೋಗಿ ಪಾಠ ಮಾಡುವ ಆಸೆ. ಅಂಚೆ ಕಚೇರಿಯಲ್ಲಿ ಗುಮಾಸ್ತನಾದ ಗಂಡನನ್ನು ಊಟದ ಹೊತ್ತಿನಲ್ಲಿ ಕೇಳುತ್ತಾಳೆ. ಅವನು ತುತ್ತು ಕೆಳಗಿಟ್ಟು ಹೇಳುತ್ತಾನೆ: 'ನೀನು ಹೋಗಿ ಬಾ. ಒಲೆ ನಾನು ನೋಡ್ಕೊಳ್ತೀನಿ.'

"ಎಂಥ ಮಾತು ನೋಡು," ಎನ್ನುತ್ತಿದ್ದರು ಅಜ್ಜಿ. "ಅವಳು ತಾಳ್ಮೆಯಿಂದ ಕಾದ್ಲು, ಅವನ ಬಾಯಲ್ಲೇ ಬಂತು. ನೀನೂ ಕಾಯಿ."

ಸೊಸೆ ಕಾದಿದ್ದಳು. ಕಾದೂ ಕಾದೂ ಒಂದು ವರ್ಷ ಹೋಗಿತ್ತು.

ಅವಳಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ ಬಂದಾಗ ಓದುವವರೇ ಇಲ್ಲವಾಯಿತು. ಆಗ ಮಾಸ್ಟರ್, "ನಾನೇ ಓದ್ತೀನಿ ಬಿಡು," ಎಂದರು. ಮನೆಯವರೆಲ್ಲ ಬೆರಗಾದರು. ಮಾಸ್ಟರ್ ಓದುತ್ತಿದ್ದದ್ದು ಪೇಪರಿನ ಎರಡು ಪುಟ. ಅದೂ ಸತ್ತವರ ಫೋಟೋ ಮತ್ತು ಹವಾಮಾನ. ಶಾಲೆಗಳು ಶುರುವಾಗುವ ಕಾಲ, ಅಂಗಡಿ ತುಂಬ ಯೂನಿಫಾರಂ ಬಟ್ಟೆ. ಅದರ ನಡುವೆಯೇ ಊಟದ ನಂತರ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಮೇಲೆ ಬಂದು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ, ಎದೆ ಮೂವತ್ತೆಂಟು, ತೋಳು ಇಪ್ಪತ್ಮೂರು ಎಂದು ಬರೆಸುವವರ ಹಾಗೆ ಓದುತ್ತಿದ್ದರು.

"ಪ್ರೀತಿ ಮಾತಾಡ್ತಿದ್ದಾನೆ ಅವನು, ಅಳತೆ ಕೊಡ್ತಿಲ್ಲ. ಸ್ವಲ್ಪ ಮೆತ್ತಗೆ ಓದಿ."

"ಇದಕ್ಕಿಂತ ಮೆತ್ತಗೆ ನನ್ನ ಗಂಟಲಲ್ಲಿ ಇಲ್ಲ."

"ಗೊತ್ತು. ಎಷ್ಟು ವರ್ಷದಿಂದ ಕೇಳ್ತಿದ್ದೀನಿ."

ಒಂದು ವಾರ ಹೀಗೆ ನಡೆಯಿತು. ಎರಡನೇ ವಾರ ಮಾಸ್ಟರ್ ಕತ್ತರಿಸುವ ಮೇಜಿನ ಮುಂದೆ ನಿಂತು ಕತ್ತರಿ ಆಡಿಸದೆ ಬೀದಿ ನೋಡುತ್ತಿದ್ದದ್ದನ್ನು ಮಗ ಕಂಡ. "ಏನಪ್ಪಾ, ಹುಷಾರಿಲ್ವಾ?" ಎಂದ.

"ಕಥೇಲಿ ಬರೋ ಆ ದೋಣಿಯವನು ಮೋಸಗಾರ ಅಂತ ನನಗ್ಯಾಕೋ ಅನುಮಾನ," ಎಂದರು ಮಾಸ್ಟರ್. "ನಿಮ್ಮಮ್ಮನಿಗೆ ಗೊತ್ತು, ಹೇಳ್ತಿಲ್ಲ."

ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. ದೋಣಿಯವನು ಒಳ್ಳೆಯವನೇ, ಪರಿಸ್ಥಿತಿ ಹಾಗೆ ಎಂದು ಸೊಸೆ. ಪರಿಸ್ಥಿತಿ ಅಂತ ಎಲ್ಲಾ ಗಂಡಸರೂ ಹೇಳ್ತಾರೆ ಎಂದು ಪಿಟೀಲು. ಆಲೂಗಡ್ಡೆ ಬೆಂದಿಲ್ಲವೆಂದು ಗೊಣಗುವುದನ್ನೂ ಮಾಸ್ಟರ್ ಮರೆತರು. ಅಜ್ಜಿ ಗೋಡೆಗೊರಗಿ ಎಲ್ಲರ ಜಗಳ ಕೇಳುತ್ತ ಕೂತಿದ್ದರು. ಮೆಟ್ಟಿಲ ಮೇಲಿನ ಮಧ್ಯಾಹ್ನಗಳು ಮತ್ತೆ ಬಂದ ಹಾಗಿತ್ತು.

ಆ ಸಂತೋಷದಲ್ಲೇ ಪಿಟೀಲು ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿ ಮಾಸ್ತರನ ಮಗಳ ಪುಸ್ತಕವನ್ನು ತಂದಳು. ಬೆಣ್ಣೆಯ ಮುನಿಸಿಗೆ ಪ್ರಾಯಶ್ಚಿತ್ತ. ಅಜ್ಜಿ ಅದನ್ನು ಮೂಗಿಗೆ ಹಿಡಿದು ಮೂಸಿದರು. "ಅದೇ," ಎಂದರು. ಅವತ್ತು ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಮಾಸ್ಟರ್ ಅಂಗಡಿ ತೆರೆಯದೆ ಬೆಳಿಗ್ಗೆಯೇ ಓದಲು ಕೂತರು. ಮಧ್ಯಾಹ್ನದ ಹೊತ್ತಿಗೆ ಆ ಊಟದ ಪ್ರಸಂಗ ಬಂತು.

"ಈಗ ಬರುತ್ತೆ, ಕೇಳು," ಎಂದು ಅಜ್ಜಿ ಸೊಸೆಯ ಕೈ ಹಿಡಿದರು.

ಮಾಸ್ಟರ್ ಓದಿದರು. ಕಥೆಯ ಮಗಳು ಗಂಡನನ್ನು ಕೇಳಿದಳು. ಗಂಡ ಕೊನೆಯ ತುತ್ತು ತಿಂದ. ಎದ್ದ. ಕೈ ತೊಳೆದು ಟವೆಲಿಗೆ ಒರೆಸಿಕೊಂಡ. ರೇಡಿಯೋ ಹಚ್ಚಿದ. ಮರುದಿನ ಬೆಳಿಗ್ಗೆ ಮಾಸ್ತರನ ಮಗಳು ಮೊದಲ ಬಸ್ಸು ಹತ್ತಿದಳು. ಅಧ್ಯಾಯ ಮುಗಿಯಿತು.

"ಒಂದು ಪುಟ ಹಾರಿಸಿದ್ರಿ ನೀವು," ಎಂದರು ಅಜ್ಜಿ.

"ಇಲ್ಲ."

"ಎರಡು ಹಾಳೆ ಒಟ್ಟಿಗೆ ಅಂಟಿಕೊಂಡಿರುತ್ತೆ. ನೋಡಿ."

ಮಾಸ್ಟರ್ ಬಟ್ಟೆಯ ಮಡಿಕೆ ಬಿಡಿಸುವ ಹಾಗೆ ಹಾಳೆ ಉಜ್ಜಿ ನೋಡಿದರು. ಇಲ್ಲ. ಪಿಟೀಲು ಕಸಿದುಕೊಂಡು ಓದಿದಳು. ಸೊಸೆ ತೆಗೆದುಕೊಂಡು ನಿಧಾನವಾಗಿ, ಪುಟದ ಅಂಕಿ ಸಮೇತ ಓದಿದಳು.

"ಅತ್ತೆ, ಅವನು ಏನೂ ಹೇಳೋದೇ ಇಲ್ಲ."

"ಹೇಳ್ತಾನೆ! ಒಲೆ ನಾನು ನೋಡ್ಕೊಳ್ತೀನಿ ಅಂತಾನೆ. ನಾನು ಈ ಕೈಯಲ್ಲಿ ಹಿಡಿದು ಓದಿದ್ದೀನಿ. ಇದು ಬೇರೆ ಪ್ರತಿ ಇರ್ಬೇಕು. ಯಾರೋ ತೆಗೆದುಹಾಕಿದ್ದಾರೆ."

"ಅಜ್ಜಿ, ಯಾರು ತೆಗೀತಾರೆ?" ಎಂದಳು ಪಿಟೀಲು. ಅವಳ ದನಿ ಆ ದಿನ ಮಾತ್ರ ತಗ್ಗಿತ್ತು.

ಸೊಸೆ ಪುಸ್ತಕ ಮುಚ್ಚಲಿಲ್ಲ. "ಅವಳು ಕಾಯಲೂ ಇಲ್ಲ, ಅತ್ತೆ. ಹೋದ್ಲು. ಅಷ್ಟೇ."

ಮಗ ಎದ್ದು ಹೋಗಿ ಕಿಟಕಿಯ ಬಳಿ ನಿಂತ. ಅಜ್ಜಿ ಕೈ ಚಾಚಿ ಪುಸ್ತಕದ ಹಾಳೆ ಮುಟ್ಟಿದರು. ಆಮೇಲೆ ಗಂಡನಿದ್ದ ದಿಕ್ಕಿಗೆ ತಿರುಗಿ, "ನೀವೂ ಹಾಗೇ ಮಾಡಿದ್ರಿ," ಎಂದರು.

"ನಾನಾ? ಏನು ಮಾಡಿದೆ?"

"ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತಲ್ಲ ನನಗೆ. ಮದುವೆಯಾದ ವರ್ಷ. ಊಟಕ್ಕೆ ಕೂತಾಗ ಕೇಳಿದೆ. ಕೈ ತೊಳ್ಕೊಂಡು ಕೆಳಗಿಳಿದು ಹೋದ್ರಿ. ಮೆಷಿನ್ ಸದ್ದು ಕೇಳಿಸ್ತು."

ಮಾಸ್ಟರ್ ನೆನಪು ಮಾಡಿಕೊಳ್ಳಲು ನೋಡಿದರು. ಮುಖದಲ್ಲಿ ಏನೂ ಹೊಳೆಯಲಿಲ್ಲ. "ಬೇಡ ಅಂದ್ನಾ?"

"ಬೇಡ ಅನ್ಲಿಲ್ಲ. ಏನೂ ಅನ್ಲಿಲ್ಲ. ನಾನು ಕಾಯ್ತಾ ಇದ್ದೆ, ಏನಾದ್ರೂ ಅಂತೀರೇನೋ ಅಂತ. ಆಮೇಲೆ ಇವನು ಹುಟ್ಟಿದ."

"ನನಗೆ ನೆನಪೇ ಇಲ್ವಲ್ಲೇ," ಎಂದರು ಮಾಸ್ಟರ್.

"ನಿಮಗ್ಯಾಕೆ ನೆನಪಿರುತ್ತೆ?"

ಆ ವಾರ ಓದು ನಿಂತಿತು. ಮಾಸ್ಟರ್ ಊಟವಾದ ಮೇಲೆ ಮೇಲೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಅಜ್ಜಿ ಗೋಡೆಗೆ ತಿರುಗಿ ಮಲಗುತ್ತಿದ್ದರು. ಸ್ವಲ್ಪ ಹೊತ್ತು ಕೂತು ಅವರು ಇಳಿದು ಹೋಗುತ್ತಿದ್ದರು. ಕಾಜಗಳನ್ನು ತಾವೇ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡು, ಬಿಳಿ ಅಂಗಿಯೊಂದಕ್ಕೆ ರಕ್ತದ ಚುಕ್ಕೆ ಮಾಡಿ, ಅದನ್ನು ಒಗೆದು ಇಸ್ತ್ರಿ ಹಾಕಿದರು. "ಇಷ್ಟು ವರ್ಷ ನಿಮ್ಮಮ್ಮ ಇದನ್ನ ಹೇಗೆ ಮಾಡಿದ್ಲೋ," ಎಂದು ಮಗನ ಮುಂದೆ ಹೇಳಿದರು.

ಸೊಸೆ ತರಬೇತಿಗೆ ಒಪ್ಪಿಗೆ ಕೊಡಲು ಎರಡೇ ದಿನ ಉಳಿದಿತ್ತು. ಎಲ್ಲರೂ ಊಟಕ್ಕೆ ಕೂತಾಗ ಅಜ್ಜಿ ತಟ್ಟೆ ಸರಿಸಿ, "ನೀನು ಹೋಗು," ಎಂದರು.

"ಎಲ್ಲಿಗೆ ಅತ್ತೆ?"

"ಟ್ರೈನಿಂಗಿಗೆ. ನಾಳೆನೇ ಒಪ್ಪಿಗೆ ಕೊಡು. ನಾನು ಇಲ್ಲದ್ದೊಂದು ಮಾತು ಹೇಳಿ ನಿನ್ನ ಒಂದು ವರ್ಷ ಕೂರಿಸಿಬಿಟ್ಟೆ."

"ಅಮ್ಮ, ನಿನ್ನ ಕಣ್ಣು ಹೀಗಿರೋವಾಗ?" ಎಂದ ಮಗ. "ಹನಿ ಹಾಕೋರ್ಯಾರು, ಅಡುಗೆ ಯಾರು? ನಾನು ಆರಕ್ಕೆಲ್ಲ ಡಿಪೋದಲ್ಲಿರ್ಬೇಕು."

"ನೋಡಿದ್ರಾ ಅತ್ತೆ," ಎಂದಳು ಸೊಸೆ.

"ನಾನೇನು ಬೇಡ ಅಂದ್ನಾ?"

"ಬೇಡ ಅಂದಿದ್ರೆ ಜಗಳ ಆಡಿ ಹೋಗ್ತಿದ್ದೆ. ನೀವು ಏನೂ ಅನ್ನಲ್ಲ. ಏನೂ ಅನ್ನದವರ ಜೊತೆ ಹೇಗೆ ಜಗಳ ಆಡೋದು?"

ಮಗ ಕೆಂಪಗಾದ. "ದುಡಿದು ಸುಸ್ತಾಗಿ ಬರ್ತೀನಿ, ಮಾತೇ ಹೊರಡಲ್ಲ..."

"ನಾನು ಮಲಗಿದ್ದು ಬರ್ತೀನಾ?"

ಅಷ್ಟರಲ್ಲಿ ಮಾಸ್ಟರ್ ತಟ್ಟೆ ಬಿಟ್ಟು ಎದ್ದರು. ಸದ್ದಿಲ್ಲದೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದಿಗೆ ಅಜ್ಜಿಯ ಮುಖ ಬಿಗಿಯಿತು. "ಎದ್ದರು ನೋಡು," ಎಂದರು. ಎಲ್ಲರೂ ಆ ಕಡೆಯೇ ನೋಡಿದರು.

ಮಾಸ್ಟರ್ ತಿರುಗಿ ನೋಡಿದರೆ ನಾಲ್ಕೂ ಮುಖ ತಮ್ಮ ಮೇಲೆ. "ಯಾಕೆ? ಈ ಮನೇಲಿ ಇನ್ಮೇಲೆ ಕೈ ತೊಳೆಯೋ ಹಾಗೂ ಇಲ್ವಾ?" ಎಂದರು. ಪಿಟೀಲು ಫಕ್ಕನೆ ನಕ್ಕಳು. ಮಾಸ್ಟರ್ ಟವೆಲಿಗೆ ಕೈ ಒರೆಸಿಕೊಂಡು ಮತ್ತೆ ಬಂದು ತಮ್ಮ ಜಾಗದಲ್ಲಿ ಕೂತರು. ಸೊಸೆಯ ಕಡೆ ತಿರುಗಿ ಕೇಳಿದರು: "ಒಂದು ಲೋಟ ಅಕ್ಕಿಗೆ ಎಷ್ಟು ನೀರಮ್ಮಾ?"

"ಎರಡೂವರೆ, ಮಾವ."

"ಲೋಟ ಯಾವುದು, ತೋರಿಸಿ ಹೋಗು. ಇಲ್ಲದಿದ್ರೆ ನಾನು ಟೇಪಲ್ಲಿ ಅಳೀಬೇಕಾಗುತ್ತೆ."

ಮಗ ನೆಲ ನೋಡುತ್ತಲೇ, "ಹನಿ ನಾನು ಹಾಕ್ತೀನಿ. ಡಿಪೋಗೆ ಹೋಗೋ ಮುಂಚೆ, ಬಂದ ಮೇಲೆ," ಎಂದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. "ಹೋಗಿ ಬಾ," ಎಂದ. ಆ ಎರಡು ಪದಕ್ಕೆ ಅವನಿಗೆ ಬಸ್ಸಿನ ಎಂಜಿನ್ ಇಳಿಸಿದಷ್ಟು ಬೆವರು ಬಂದಿತ್ತು.

ಸೊಸೆ ಹೋದ ಮೇಲಿನ ಮೊದಲ ವಾರ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಬೇಳೆಗೆ ಎರಡು ಸಲ ಉಪ್ಪು ಬಿತ್ತು, ಒಮ್ಮೆ ಬೀಳಲೇ ಇಲ್ಲ. ಪಿಟೀಲು ಫೋನಿನಲ್ಲಿ ತಾಯಿಗೆ ದಿನದಿನದ ವರದಿ ಒಪ್ಪಿಸುತ್ತಿದ್ದಳು. "ಅಮ್ಮ, ತಾತ ಈರುಳ್ಳಿನ ಕ್ರಾಸ್ ಕಟಿಂಗ್ ಮಾಡ್ತಾರೆ. ಬಟ್ಟೆಗೆ ಸರಿ, ಬಾಣಲೆಗೆ ಸರಿಯಿಲ್ಲ." ಮಗ ಗ್ರೀಸಿನ ಕೈಯನ್ನು ಮೊಳಕೈವರೆಗೆ ಸೋಪಿನಿಂದ ಉಜ್ಜಿ ತೊಳೆದು, ಉಸಿರು ಹಿಡಿದು ತಾಯಿಯ ಕಣ್ಣಿಗೆ ಹನಿ ಹಾಕುತ್ತಿದ್ದ. ಇನ್ನೊಬ್ಬ ಹೆಂಗಸನ್ನು ಕಾಜಕ್ಕೆ ಗೊತ್ತು ಮಾಡಿಕೊಂಡಾಯಿತು. ಮನೆ ಕುಂಟುತ್ತ ನಡೆಯಿತು, ಆದರೂ ನಡೆಯಿತು.

ಎರಡು ತಿಂಗಳಿಗೆ ಅಜ್ಜಿಯನ್ನು ತೋರಿಸಲು ಕರೆದುಕೊಂಡು ಹೋದರು. ಡಾಕ್ಟರು ದೀಪ ಬಿಟ್ಟು ನೋಡಿ, "ಪರದೆ ಕೂತಿದೆ," ಎಂದರು. ಗೋಡೆಯ ಮೇಲಿನ ದೊಡ್ಡ ಅಕ್ಷರ ಅಜ್ಜಿಗೆ ಕಂಡಿತು. ಅದರ ಕೆಳಗಿನ ಸಾಲು ಕಂಡಿತು. ಅದರ ಕೆಳಗಿನದೆಲ್ಲ ಹೊಗೆ.

"ಪುಸ್ತಕದ ಅಕ್ಷರ?"

"ಕಷ್ಟ ಅಮ್ಮ. ಮನೆಯಲ್ಲಿ ಓಡಾಡಬಹುದು, ಮುಖ ಗುರುತು ಹಿಡೀಬಹುದು. ಸಣ್ಣ ಅಕ್ಷರ ಇನ್ನು ಕಷ್ಟ."

ಮನೆಗೆ ಬಂದ ಅಜ್ಜಿ ಅಂಗಡಿಯ ಹಲಗೆಯ ಮುಂದೆ ನಿಂತು, ಓದು ನಿಂತ ಮೇಲೆ ಅಲ್ಲಿಗೇ ವಾಪಸಾಗಿದ್ದ ಪುಸ್ತಕಗಳ ಬೆನ್ನನ್ನು ಒಂದೊಂದಾಗಿ ಮುಟ್ಟಿದರು. ಮಾಸ್ಟರ್ ಯಂತ್ರದ ಮುಂದೆ ಕೂತು ಅದನ್ನು ನೋಡುತ್ತಿದ್ದರು. ಕಾಲು ಪೆಡಲಿನ ಮೇಲಿತ್ತು, ತುಳಿಯಲಿಲ್ಲ.

"ಇನ್ನು ಯಾವುದು ಓದ್ಲಿ?" ಎಂದು ಕೇಳಿದರು.

"ಕೊನೇದು. ನಮ್ಮಾಕೆ ಬರೆದ ಕೊನೇ ಕಾದಂಬರಿ. ಬಂದಾಗ ಒಂದೇ ಸಲ ಓದಿದ್ದು. ಆಗ ಹಿಡಿಸಿರ್ಲಿಲ್ಲ."

"ಅದೇ ತಗೊಂಡು ಬಾ. ಅನ್ನಕ್ಕೆ ಇಟ್ಟು ಬರ್ತೀನಿ."

ಅವತ್ತಿನಿಂದ ಓದು ಮತ್ತೆ ಶುರುವಾಯಿತು. ಮಾಸ್ಟರ್ ಈಗ ಬೆರಳಿಡುತ್ತಿರಲಿಲ್ಲ. ಸಂಭಾಷಣೆ ಬಂದರೆ ಹೆಂಗಸಿಗೊಂದು ದನಿ, ಗಂಡಸಿಗೊಂದು ದನಿ ಮಾಡಲು ಹೋಗಿ ಎರಡೂ ಒಂದೇ ಆಗುತ್ತಿದ್ದವು. ಅಜ್ಜಿಗೆ ಎದುರು ಕೂತ ಮುಖ ಕಾಣುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿದ್ದು ಕಾಣುತ್ತಿತ್ತು. ಆ ಮುಖವನ್ನು ಅಷ್ಟು ಹೊತ್ತು ಎಡೆಬಿಡದೆ ಅವರು ಹಿಂದೆಂದೂ ನೋಡಿರಲಿಲ್ಲ; ಹಿಂದೆಲ್ಲ ಅವರ ಕಣ್ಣು ಪುಸ್ತಕದಲ್ಲಿರುತ್ತಿತ್ತು.

ಒಂದು ಸಂಜೆ ಕಥೆ ಬಿಗಿಯಾಯಿತು. ಮುದುಕಿಯೊಬ್ಬಳು ತಾನು ಹಿಂದೆ ಬಿಟ್ಟುಹೋಗಿದ್ದ ತಂಗಿಯ ಮನೆಯ ಮುಂದೆ ಬಂದು ನಿಂತಿದ್ದಾಳೆ, ಬಾಗಿಲು ಬಡಿದಿದ್ದಾಳೆ, ಒಳಗೆ ಹೆಜ್ಜೆಯ ಸದ್ದಾಗಿದೆ. ಅಲ್ಲಿಗೆ ಪುಟ ಮುಗಿಯಿತು. ಮಾಸ್ಟರ್ ಪುಸ್ತಕ ಎದೆಗಾನಿಸಿಕೊಂಡರು.

"ತೆಗೀತಾಳಾ?"

"ತಿರುವಿ ನೋಡಿ."

"ಹೆದರಿಕೆ ಆಗ್ತಿದೆ. ನಿನಗೆ ಗೊತ್ತಲ್ಲ, ತೆಗೀತಾಳೋ ಇಲ್ವೋ, ಅಷ್ಟೇ ಹೇಳು."

ಅಜ್ಜಿ ಯೋಚಿಸಿದರು. ಬಾಗಿಲು ತೆರೆದ ನೆನಪಿತ್ತು. ತಂಗಿ ಕೈ ಹಿಡಿದು ಒಳಗೆ ಕರೆದುಕೊಂಡಳು, ಬಿಸಿನೀರು ಕೊಟ್ಟಳು, ಅದೆಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು.

"ನನ್ನ ನೆನಪು ನಂಬಬೇಡಿ," ಎಂದರು. "ಆಕೆ ಏನು ಬರೆದಿದ್ದಾಳೋ ಅದನ್ನೇ ಓದಿ."

ಕೆಳಗಿನಿಂದ ಯಾರೋ ಗಿರಾಕಿ "ಮಾಸ್ಟರ್!" ಎಂದು ಕರೆದ.

"ಬಂದೆ," ಎಂದು ಕೂಗಿದರು ಮಾಸ್ಟರ್. ಏಳಲಿಲ್ಲ. ಬೆರಳಿಗೆ ನಾಲಿಗೆ ತಾಗಿಸಿ ಹಾಳೆ ತಿರುವಿದರು.